ಮಲೆನಾಡಲ್ಲಿ ಎಂಟಿಬಿ (ಮೌಂಟನ್ ಬೈಕ್) ಗುಂಪು ಸೇರುವುದಾದರೆ: ಪೇಟೆಯ ಕ್ಲಬ್ಬೋ, ಬೆಂಗಳೂರಿನ ಪ್ಯಾಕೇಜೋ, ಎಂಟು ಜನರ ತಂಡವೋ?

ತೀರ್ಥಹಳ್ಳಿ ಕಡೆಯ ಎಂಟು ಜನರ ತಂಡವೇ ನನ್ನ ಆಯ್ಕೆ ಅಂತ ಮೊದಲೇ ಹೇಳಿಬಿಡುತ್ತೇನೆ. ಶಿವಮೊಗ್ಗ ಪೇಟೆಯ ದೊಡ್ಡ ಕ್ಲಬ್ಬಿಗೆ ವರ್ಷದ ಚಂದಾ 1,500, ಜೆರ್ಸಿಗೆ 900 ಕಟ್ಟಿದ್ದಾಯಿತು. ಬೆಂಗಳೂರಿನಿಂದ ಬರುವ ವಾರಾಂತ್ಯದ ಪ್ಯಾಕೇಜಿಗೂ ಒಮ್ಮೆ 6,000 ಕೊಟ್ಟಾಯಿತು. ಕೊನೆಗೆ ಬಂದು ನಿಂತದ್ದು ತಿಂಗಳಿಗೆ 100 ರೂಪಾಯಿ ಕೇಳುವ ಈ ತಂಡದಲ್ಲಿ. ಇಲ್ಲಿ ಪ್ರತಿ ಕವಲಲ್ಲೂ ಒಬ್ಬರು ನಿಂತಿರುತ್ತಾರೆ. ನನಗೆ ಅಷ್ಟು ಸಾಕು.

ಕವಲಿನ ವಿಷಯ ಇಷ್ಟು ದೊಡ್ಡದು ಯಾಕೆ ಅಂದರೆ, ನಮ್ಮ ಕಡೆಯ ಅಕೇಶಿಯಾ ನೆಡುತೋಪುಗಳೊಳಗೆ ಮರ ಸಾಗಿಸಲು ಕಡಿದ ಲಾರಿ ದಾರಿಗಳೆಲ್ಲ ಒಂದೇ ಥರ. ಎಷ್ಟೋ ಕಡೆ 200–300 ಮೀಟರಿಗೊಂದು ಕವಲು. ನೆಲದ ತುಂಬ ದರಗು, ಅಂದರೆ ಒಣಗಿ ಉದುರಿದ ಎಲೆ, ಹಾಗಾಗಿ ಮುಂದೆ ಹೋದವರ ಟೈರಿನ ಗುರುತು ಕಾಣುವುದಿಲ್ಲ. ಇಳಿಜಾರಲ್ಲಿ ತಪ್ಪು ದಾರಿ ಹಿಡಿದರೆ ಅದು ಗೊತ್ತಾಗುವುದು ಕೆಳಗೆ ಯಾರದೋ ತೋಟದ ಬೇಲಿಗೆ ಬಂದು ಮುಟ್ಟಿದಾಗ. ಆಮೇಲೆ ಅಷ್ಟೂ ಏರನ್ನು ಸೈಕಲ್ ತಳ್ಳಿಕೊಂಡೇ ಹತ್ತಬೇಕು. ಫೋನ್ ಮಾಡೋಣ ಅಂದರೆ ಗುಡ್ಡದ ಮರೆಯಲ್ಲಿ ಸಿಗ್ನಲ್ ಇರುವುದಿಲ್ಲ.

ಈಗ ಲೆಕ್ಕ ಹಾಕಿ. ದೊಡ್ಡ ಕ್ಲಬ್ಬಿನ ಭಾನುವಾರದ ಸವಾರಿಗೆ 40 ಜನ. ಒಬ್ಬರಿಗೂ ಇನ್ನೊಬ್ಬರಿಗೂ ಅರ್ಧ ನಿಮಿಷದ ಅಂತರ ಅಂತಿಟ್ಟುಕೊಂಡರೂ ತಲೆಯಿಂದ ಬಾಲಕ್ಕೆ 20 ನಿಮಿಷ. ಮುಂದಿನವರು ಎಲ್ಲೋ ನಿಂತು ಕಾಯುತ್ತಾರೆ, ಬೆವರು ಆರಿ ಮೈ ತಣ್ಣಗಾಗುತ್ತದೆ, ಕೊನೆಯವರ ತಲೆ ಕಂಡದ್ದೇ ತಡ ಹೊರಟುಬಿಡುತ್ತಾರೆ. ನಿಜವಾಗಿ ಸುಸ್ತಾಗಿರುವವರು ಆ ಕೊನೆಯವರೇ. ಅವರಿಗೆ ನೀರು ಕುಡಿಯಲೂ ಪುರುಸೊತ್ತಿಲ್ಲ. ಮುಂದಿನ ಸುತ್ತಿಗೆ ಅಂತರ ಇನ್ನೂ ಹಿಗ್ಗುತ್ತದೆ. ಸ್ವೀಪ್ ಅಂತ, ಅಂದರೆ ಎಲ್ಲರ ಹಿಂದೆ ಕಾವಲಾಗಿ ಬರಬೇಕಾದವರು ಅಂತ, ಒಬ್ಬರ ಹೆಸರು ಪಟ್ಟಿಯಲ್ಲಿ ಇರುತ್ತದೆ. ಆದರೆ ನಡುವೆ ಯಾರದೋ ಚೈನ್ ಬಿದ್ದರೆ ಸರಿಮಾಡಲು ಅವರನ್ನೇ ಮುಂದಕ್ಕೆ ಕರೆಯುತ್ತಾರೆ. ಆ ಗಳಿಗೆಯಿಂದ ಬಾಲಕ್ಕೆ ಕಾವಲಿಲ್ಲ. ಹಿಂದೆ ಪಂಚರ್ ಆಗಿ ನಿಂತವರು ಇದ್ದಾರೋ ಇಲ್ಲವೋ ಅನ್ನುವುದೂ ಮುಂದಿನವರಿಗೆ ತಿಳಿಯುವುದಿಲ್ಲ.

ಎಂಟು ಜನರ ತಂಡದ ಕ್ರಮ ಹೀಗಿದೆ. ಕವಲು ಬಂದಾಗ ಮುಂದಾಳು ತನ್ನ ಬೆನ್ನಿಗೇ ಇರುವ ಒಬ್ಬರನ್ನು ಅಲ್ಲೇ ನಿಲ್ಲಿಸಿ ಮುಂದೆ ಹೋಗುತ್ತಾರೆ. ನಿಂತವರು ಎಲ್ಲರಿಗೂ ದಾರಿ ತೋರಿಸಿ, ಸ್ವೀಪ್ ಬಂದ ಮೇಲೆ ಅವರ ಮುಂದೆ ಸೇರಿಕೊಳ್ಳುತ್ತಾರೆ. ಮುಂದಿನ ಕವಲಿಗೆ, ಆಗ ಮುಂದಾಳಿನ ಹಿಂದೆ ಯಾರಿದ್ದಾರೋ ಅವರ ಪಾಳಿ. ಹೀಗೆ ಎಲ್ಲರೂ ಸುತ್ತುತ್ತಾ ಬರುತ್ತಾರೆ, ನಿಧಾನದವರ ಮೇಲೆ ಯಾರಿಗೂ ಸಿಟ್ಟು ಬರುವುದಿಲ್ಲ. ಹೊರಡುವಾಗಲೇ ಒಂದರಿಂದ ಎಂಟರವರೆಗೆ ನಂಬರ್ ಹಂಚಿರುತ್ತದೆ. ಸೇರಿದಲ್ಲೆಲ್ಲ ಕೂಗಿ ಎಣಿಸುತ್ತಾರೆ. ಕೊನೆಯವರು ಬಂದ ಮೇಲೆ ಐದು ನಿಮಿಷ ಕಡ್ಡಾಯ ವಿರಾಮ. ಸ್ವೀಪ್ ಜಾಗ ಬಿಟ್ಟು ಕದಲುವಂತಿಲ್ಲ, ಪಂಪು ಮತ್ತು ಪ್ರಥಮ ಚಿಕಿತ್ಸೆಯ ಚೀಲ ಅವರ ಬೆನ್ನಲ್ಲೇ ಇರಬೇಕು. ಈ ಕ್ರಮವನ್ನು ಪೇಟೆಯ ಕ್ಲಬ್ಬಿನವರೂ ಪಾಲಿಸಬಹುದು. ಆದರೆ ಅದಕ್ಕೆ 40 ಜನರನ್ನು ನಾಲ್ಕು ಗುಂಪಾಗಿ ಒಡೆಯಬೇಕು, ದಾರಿ ಗೊತ್ತಿರುವ ನಾಲ್ವರು ಮುಂದಾಳುಗಳು ಬೇಕು. ಹಾಗೆ ಮಾಡುವ ಕ್ಲಬ್ ಸಿಕ್ಕಿದರೆ ಕಣ್ಣುಮುಚ್ಚಿ ಸೇರಿ.

ಪೇಟೆಯ ಕ್ಲಬ್ಬಿನ ಇನ್ನೊಂದು ತೊಡಕು ಡಾಂಬರು. ಮಣ್ಣುದಾರಿ ಮುಟ್ಟುವ ಮೊದಲು ಗಾಜನೂರು, ಸಕ್ರೆಬೈಲಿನ ತನಕ ಸುಮಾರು 14 ಕಿ.ಮೀ. ಹೆದ್ದಾರಿ, ರೋಡ್ ಬೈಕಿನವರೂ ಜೊತೆಗಿರುವುದರಿಂದ ವೇಗ ಜಾಸ್ತಿ. ಅವರ ಜೊತೆ ಓಡಲು 2.25 ಇಂಚು ಅಗಲದ ಟೈರಿಗೆ 40 ಪಿಎಸ್‌ಐ ಒತ್ತಡಕ್ಕೆ ಗಾಳಿ ಹಾಕಿಸಿಕೊಂಡರೆ, ಆಮೇಲೆ ಜಂಬಿಟ್ಟಿಗೆ ಪುಡಿಯ ಇಳಿಜಾರಲ್ಲಿ ರಾಗಿ ಚೆಲ್ಲಿದ ನೆಲದ ಮೇಲೆ ಓಡಿದ ಹಾಗೆ ಜಾರುತ್ತದೆ. 70 ಕೆ.ಜಿ. ತೂಕದವರಿಗೆ ಟ್ಯೂಬ್ ಹಾಕಿದ ಟೈರಲ್ಲಿ ಮುಂದೆ 26, ಹಿಂದೆ 29ರ ಹತ್ತಿರ ಇದ್ದರೆ ಸರಿ. ತೀರಾ ಇಳಿಸಿದರೆ ಕಲ್ಲಿನ ಅಂಚಿಗೆ ರಿಮ್ ಬಡಿದು ಟ್ಯೂಬಿಗೆ ಹಾವು ಕಚ್ಚಿದಂತೆ ಜೋಡಿ ತೂತು. ಡಾಂಬರು ಮುಗಿದಲ್ಲಿ ಗಾಳಿ ಇಳಿಸಲು ಎರಡು ನಿಮಿಷ ನಿಲ್ಲದ ಗುಂಪು ಎಂಟಿಬಿ ಗುಂಪಲ್ಲ.

ಜೆರ್ಸಿ ಚೆನ್ನಾಗಿದೆ.

ಬೆಂಗಳೂರಿನ ಪ್ಯಾಕೇಜು ಸೈಕಲ್ಲೇ ಇಲ್ಲದವರಿಗೆ ಒಳ್ಳೆಯದು. ಊಟ, ವಸತಿ, ಬಾಡಿಗೆ ಸೈಕಲ್ ಎಲ್ಲ ಸೇರಿದ ಬೆಲೆ ಅದು. ಎರಡು ವಿಷಯ ನೋಡಿಕೊಳ್ಳಿ. ಬಾಡಿಗೆ ಸೈಕಲ್ಲುಗಳಲ್ಲಿ ಕೆಲವಕ್ಕೆ ಮುಂದಿನ ಬ್ರೇಕ್ ಬಲಗೈಗೆ, ಕೆಲವಕ್ಕೆ ಎಡಗೈಗೆ ಇರುತ್ತದೆ; ಹೊರಡುವ ಮೊದಲು ನಿಂತಲ್ಲೇ ಒಂದೊಂದೇ ಹಿಡಿದು ನೋಡದಿದ್ದರೆ ಇಳಿಜಾರಲ್ಲಿ ಮುಂದಿನದನ್ನು ಒತ್ತಿ ಹ್ಯಾಂಡಲ್ ದಾಟಿ ಬೀಳುತ್ತೀರಿ. ಎರಡನೆಯದು ಬೆಂಗಾವಲು ವ್ಯಾನು. ಅದು ಡಾಂಬರು ಬಿಟ್ಟು ಒಳಗೆ ಬರುವುದಿಲ್ಲ, ಹಾಗಾಗಿ ಕಾಡುದಾರಿಯಲ್ಲಿ ಅದನ್ನು ನಂಬಬೇಡಿ. ಆಗುಂಬೆ ಘಾಟಿಯ 14 ತಿರುವು ಇಳಿಸುವುದೇ ಅವರ ದೊಡ್ಡ ಆಕರ್ಷಣೆ. ನೋಟ ಸೊಗಸು ನಿಜ, ಆದರೆ ಅದೂ ಡಾಂಬರೇ.

ತಿಂಗಳ 100 ರೂಪಾಯಿ ಹೋಗುವುದು ಸಣ್ಣ ತಂಡದ ಸಾಮಾನಿನ ಡಬ್ಬಿಗೆ. 27.5 ಮತ್ತು 29 ಇಂಚಿನ ಚಕ್ರದ ಟ್ಯೂಬ್ ಎರಡೆರಡು; 8, 9, 10 ಸ್ಪೀಡಿನ ಚೈನ್ ತುಂಡಾದರೆ ಜೋಡಿಸುವ ಕ್ವಿಕ್ ಲಿಂಕ್ ಒಂದೊಂದು; ಚೈನ್ ಕಟರ್, ಜಿಪ್ ಟೈ, ಟೈರ್ ಸೀಳಿದರೆ ಒಳಗಿಡಲು ಹಳೇ ಟೈರಿನ ತುಂಡು. ಗೇರು ಬದಲಿಸುವ ಡಿರೇಲರನ್ನು ಫ್ರೇಮಿಗೆ ಹಿಡಿಸುವ ಹ್ಯಾಂಗರ್ ಮಾತ್ರ ಅವರವರೇ ತರಬೇಕು, ಯಾಕೆಂದರೆ ಒಂದು ಫ್ರೇಮಿನದು ಇನ್ನೊಂದಕ್ಕೆ ಕೂರುವುದಿಲ್ಲ. ದರಗಿನಡಿಯ ಒಣಕಡ್ಡಿ ಗೇರಿಗೆ ಸಿಕ್ಕಿ ಹ್ಯಾಂಗರ್ ಮುರಿಯುವುದು ಇಲ್ಲಿನ ಮಾಮೂಲಿ ರಿಪೇರಿ. ಬದಲಿ ಇಲ್ಲದಿದ್ದರೆ ಡಿರೇಲರ್ ಬಿಚ್ಚಿ, ಚೈನ್ ಕತ್ತರಿಸಿ, ನಡುವಿನ ಒಂದು ಹಲ್ಲುಚಕ್ರಕ್ಕೆ ಬಿಗಿಯಾಗಿ ಜೋಡಿಸಿ ಒಂದೇ ಗೇರಲ್ಲಿ ಮನೆ ಸೇರಬೇಕು.

ಸ್ಥಳೀಯರ ಜೊತೆ ಹೋಗುವುದರ ಬೆಲೆ ತಿಳಿಯುವುದು ಬೇಸಿಗೆಯಲ್ಲಿ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮದೇ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ. ಡಿಸೆಂಬರಿನಿಂದ ಮೇ ತನಕ ಅದನ್ನು ಹರಡುವ ಉಣುಗಿನ ಕಾಟ. ಯಾವ ಊರ ಹತ್ತಿರ ಮಂಗ ಸತ್ತು ಬಿದ್ದಿದೆ ಅನ್ನುವುದು ತಂಡದವರ ಕಿವಿಗೆ ಬೇಗ ಬೀಳುತ್ತದೆ, ಆ ವಾರ ದಾರಿ ಬದಲು. ದರಗಿನ ಮೇಲೆ ಯಾರೂ ಕೂರುವುದಿಲ್ಲ; ಮನೆಗೆ ಬಂದ ಕೂಡಲೇ ಬಿಸಿನೀರ ಸ್ನಾನ, ಬಟ್ಟೆ ನೇರ ಬಿಸಿನೀರಿಗೆ. ಶೆಟ್ಟಿಹಳ್ಳಿ ಅಭಯಾರಣ್ಯದ ಗಡಿ ಎಲ್ಲಿಂದ ಶುರು ಅನ್ನುವುದೂ ಅವರಿಗೆ ಗೊತ್ತು. ಒಳಗೆ ಅನುಮತಿಯಿಲ್ಲದೆ ಕಾಲಿಟ್ಟರೆ 1972ರ ವನ್ಯಜೀವಿ ಕಾಯ್ದೆ ಇದೆ.

ಮಳೆಗಾಲದಲ್ಲಿ ಅವರು ಗದ್ದೆ ಅಂಚು, ತೋಟದ ಬದಿಯ ಜೇಡಿಮಣ್ಣು ಬಿಟ್ಟು ಜಂಬಿಟ್ಟಿಗೆ ಗುಡ್ಡಗಳನ್ನೇ ಹಿಡಿಯುತ್ತಾರೆ. ಜೇಡಿ ಫೋರ್ಕಿನ ಸಂದಿಗೆ ಮೆತ್ತಿಕೊಂಡರೆ ಚಕ್ರವೇ ತಿರುಗದು. ಡಿಸ್ಕ್ ಬ್ರೇಕಿನ ರೆಸಿನ್ ಪ್ಯಾಡು ಕೆಸರಲ್ಲಿ ಬೇಗ ಸವೆಯುತ್ತದೆ. ನಿಮ್ಮ ಡಿಸ್ಕಿಗೆ ಹೊಂದುವುದಾದರೆ ಲೋಹದ ಪ್ಯಾಡು ಹಾಕಿಸಿ, ರೆಸಿನ್ ಮಾತ್ರ ಅಂತ ಬರೆದ ಡಿಸ್ಕಾದರೆ ಬದಲಿ ಜೋಡಿ ಜೇಬಲ್ಲಿರಲಿ. ಇಂಬಳಕ್ಕೆ ಉಪ್ಪಿನ ಗಂಟು ಸಾಕು.

ಸಣ್ಣ ತಂಡಕ್ಕೂ ಕೊರತೆ ಇದೆ. ಹೆಚ್ಚಿನವರು ತೋಟದವರು, ಅಡಿಕೆ ಕೊಯ್ಲು, ಸುಲಿತ ಶುರುವಾದರೆ ಎಷ್ಟೋ ಭಾನುವಾರ ಸವಾರಿ ರದ್ದು. ಶಿವಮೊಗ್ಗದಿಂದ ಹೋಗಿಬರಲು ಸುಮಾರು 120 ಕಿ.ಮೀ.; ಲೀಟರಿಗೆ 15 ಕೊಡುವ ಕಾರಿಗೆ 8 ಲೀಟರ್ ಪೆಟ್ರೋಲ್. ಇಬ್ಬರು ಹಂಚಿಕೊಂಡರೂ ತಿಂಗಳ ಎರಡು ಸವಾರಿಗೆ ನನ್ನ ಪಾಲು 8 ಲೀಟರ್ ಆಗುತ್ತದೆ. ಅಂದರೆ ವರ್ಷದ ಲೆಕ್ಕದಲ್ಲಿ ಪೇಟೆಯ ಕ್ಲಬ್ಬೇ ಎಷ್ಟೋ ಅಗ್ಗ. ನನ್ನದು ಮಧ್ಯಮ ವೇಗ, ಮಣ್ಣುದಾರಿಯ ಹುಚ್ಚು, ತಿಂಗಳಿಗೆ ಎರಡೇ ಭಾನುವಾರ ಬಿಡುವು. ಅದಕ್ಕೆ ಈ ಖರ್ಚು ಒಪ್ಪುತ್ತದೆ. ವಾರಕ್ಕೆ ಮೂರು ದಿನ ಬೆಳಿಗ್ಗೆ ಓಡಿಸಿ ದಮ್ಮು ಬೆಳೆಸಬೇಕು ಅನ್ನುವವರಿಗೆ ಪೇಟೆಯ ಕ್ಲಬ್ಬೇ ಸರಿ.

ಯಾವುದಕ್ಕೇ ಸೇರಿ, ಹಣ ಕಟ್ಟುವ ಮೊದಲು ಒಂದು ಸವಾರಿಗೆ ಸುಮ್ಮನೆ ಹೋಗಿ. “ಕೊನೇಲಿ ಯಾರು ಬರ್ತಾರೆ?” ಅಂತ ಕೇಳಿ. ಒಬ್ಬರ ಕಡೆ ಬೆರಳು ತೋರಿಸಿದರೆ, ಆ ಸವಾರಿಯ ಪೂರ್ತಿ ಅವರ ಹತ್ತಿರವೇ ಸೈಕಲ್ ಓಡಿಸಿ, ಎಷ್ಟು ಸಲ ಜಾಗ ಬಿಟ್ಟು ಮುಂದೆ ಹೋದರು ಅಂತ ಎಣಿಸಿ.