700 ರೂಪಾಯಿಯ ಕ್ಲೆನ್ಸರ್ ಬಿಟ್ಟು ಹದಿನಾಲ್ಕು ತಿಂಗಳು: ಗುಟ್ಟು ಇದ್ದದ್ದು ನೀರಿನಲ್ಲಿ

ಕೋಲಾರದ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಬೆಳಗ್ಗೆ ಆರಕ್ಕೆ ಹೋದರೆ ಹರಾಜು ಮುಗಿದು, ಕ್ರೇಟುಗಳು ಲಾರಿ ಹತ್ತಿ, ರೈತರ ಪಟ್ಟಿ ಬರೆದುಕೊಟ್ಟು ಮನೆ ಸೇರುವಾಗ ಮಧ್ಯಾಹ್ನ ಎರಡು. ಅಷ್ಟು ಹೊತ್ತಿಗೆ ಮುಖದ ಮೇಲೆ ಧೂಳು, ಬೆವರು, ಲಾರಿ ಹೊಗೆ ಎಲ್ಲ ಸೇರಿ ಒಂದು ಪದರವೇ ಕೂತಿರುತ್ತದೆ. ಇಂಥವನಿಗೆ ಮುಖ ತೊಳೆಯುವುದು ಅಲಂಕಾರದ ವಿಷಯವಲ್ಲ, ಊಟಕ್ಕೆ ಕೂರುವ ಮೊದಲಿನ ಅಗತ್ಯ.

ಎರಡು ವರ್ಷದ ಹಿಂದೆ ಮೂಗಿನ ಎರಡು ಪಕ್ಕ ಮತ್ತು ಹುಬ್ಬಿನ ಸಂದಿಯಲ್ಲಿ ಕೆಂಪಾಗಿ ಹೊಟ್ಟು ಏಳಲು ಶುರುವಾಯಿತು. ಚರ್ಮದ ಡಾಕ್ಟರು ರಾತ್ರಿ ಹಚ್ಚಲು ಒಂದು ಮುಲಾಮು ಬರೆದರು. ಸೋಪು ಮುಖಕ್ಕೆ ತಾಗಿಸಲೇಬೇಡಿ ಎಂದು ನೊರೆ ಬಾರದ ಒಂದು ಕ್ಲೆನ್ಸರನ್ನೂ ಬರೆದರು. ಹೆಸರು ಬೇಡ. ಚರ್ಮದ ಡಾಕ್ಟರ ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಹೋದವರಿಗೆಲ್ಲ ಆ ಬಾಟಲಿ ಗೊತ್ತಿರುತ್ತದೆ. 250 ಮಿಲಿಗೆ ಆಗ ನಾನು ಕೊಟ್ಟದ್ದು 700 ರೂಪಾಯಿ. ಕೆಲಸ ಚೆನ್ನಾಗಿಯೇ ಮಾಡಿತು. ಆದರೆ ದಿನಕ್ಕೆ ಎರಡು ಮೂರು ಸಲ ಬಳಸಿದರೆ ನಲವತ್ತೈದು ದಿನಕ್ಕೆ ಖಾಲಿ. ದಿನಕ್ಕೆ ಹದಿನೈದು ರೂಪಾಯಿಗೂ ಮೇಲೆ ಬಿತ್ತು. ಟೊಮೆಟೊ ಸೀಸನ್ ಇಲ್ಲದ ತಿಂಗಳುಗಳಲ್ಲಿ ಆ ಬಾಟಲಿ ನೋಡಿದಾಗೆಲ್ಲ ಮಗಳ ಸ್ಕೂಲ್ ವ್ಯಾನಿನ ದುಡ್ಡು ನೆನಪಾಗುತ್ತಿತ್ತು. ಅದಕ್ಕೇ ಬೇರೆ ದಾರಿ ಹುಡುಕಲು ಹೊರಟೆ.

ಮೊದಲು ಕಡಲೆಹಿಟ್ಟು. ಎಲ್ಲರೂ ಹೇಳುವುದೇ ಅದು. ಹದಿನೈದು ದಿನ ಹಚ್ಚಿದೆ. ಎಣ್ಣೆ ಜಿಡ್ಡನ್ನು ಚೆನ್ನಾಗಿ ಎಳೆಯುತ್ತದೆ ನಿಜ. ಆದರೆ ಹುಬ್ಬಿನ ಕೂದಲಲ್ಲಿ ಕೂತ ಹಿಟ್ಟು ಹೋಗಲು ಉಜ್ಜಬೇಕು, ಉಜ್ಜಿದರೆ ಕೆಂಪಾದ ಜಾಗ ಇನ್ನೂ ಕೆಂಪು. ಕೆರಳಿದ ಚರ್ಮಕ್ಕೆ ಇದು ಬೇಡ. ಚರ್ಮ ಗಟ್ಟಿ ಇರುವವರ ಮಾತು ಬೇರೆ. ಆಮೇಲೆ ಜಾಹೀರಾತಿನಲ್ಲಿ ಕಾಣುವ, ಬೇವಿನ ಬಣ್ಣದ, ಬುರಬುರ ನೊರೆ ಬರುವ ಒಂದು ಫೇಸ್‌ವಾಶ್ ತಂದೆ. ತೊಳೆದ ಐದು ನಿಮಿಷಕ್ಕೆ ನಗಲು ಹೋದರೆ ಕೆನ್ನೆ ಬಿಗಿಯುತ್ತಿತ್ತು. ಅರ್ಧ ಟ್ಯೂಬ್ ಕೈಕಾಲು ತೊಳೆಯಲು ಖರ್ಚಾಯಿತು.

ಈಗ ಮುಖ್ಯ ವಿಷಯ. ಆ ವರ್ಷ ಮಳೆಗಾಲದ ಕೊನೆಗೆ ಹೆಂಡತಿಯ ತವರು ತೀರ್ಥಹಳ್ಳಿಗೆ ಎಂಟು ದಿನ ಹೋಗಿದ್ದೆವು. ಕ್ಲೆನ್ಸರ್ ಬಾಟಲಿ ಕೋಲಾರದಲ್ಲೇ ಉಳಿದಿತ್ತು. ಅತ್ತೆ ಬಚ್ಚಲ ಒಲೆಗೆ ಅಡಿಕೆ ಸಿಪ್ಪೆ ತುಂಬಿ, ಹಂಡೆ ಕಾಯಿಸಿ, "ನೀರು ಕಾದಿದೆ, ಸ್ನಾನ ಮುಗಿಸಿ ಬನ್ನಿ, ಕಡುಬು ಬಿಸಿ ಇದೆ" ಎಂದು ಕರೆದರು. ಅಲ್ಲಿದ್ದದ್ದು ಮಾಮೂಲಿ ಸ್ನಾನದ ಸೋಪು. ಹೆದರುತ್ತಲೇ ಮುಖಕ್ಕೂ ಹಚ್ಚಿಕೊಂಡೆ. ಒಂದು ಚೂರು ಉಜ್ಜಿದ್ದಕ್ಕೇ ಕೈ ತುಂಬ ನೊರೆ, ಒಂದು ಚೊಂಬು ನೀರಿಗೆ ಪೂರಾ ಹೋಯಿತು. ಸಂಜೆವರೆಗೆ ಕಾದೆ, ಬಿಗಿತ ಬರಲಿಲ್ಲ. ಎಂಟು ದಿನವೂ ಬರಲಿಲ್ಲ. "ಗಂಗಾ ಸ್ನಾನ, ತುಂಗಾ ಪಾನ" ಎನ್ನುತ್ತಾರಲ್ಲ, ನನ್ನ ಪಾಲಿಗೆ ತುಂಗೆಯ ನೀರು ಸ್ನಾನಕ್ಕೂ ಸರಿಯೇ ಆಯಿತು. ಊರಿಗೆ ಬರುವಾಗ ಅದೇ ಸೋಪು ಒಂದು ತಂದೆ. ಕೋಲಾರದಲ್ಲಿ ಮೂರನೇ ದಿನಕ್ಕೆ ಮೂಗಿನ ಪಕ್ಕ ಮತ್ತೆ ಹೊಟ್ಟು.

ಸೋಪು ಅದೇ, ಮುಖ ಅದೇ. ಬದಲಾದದ್ದು ನೀರು.

ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧಿ ಮಾಡಿ ಕಳಿಸುವ ಕೆ.ಸಿ. ವ್ಯಾಲಿ ನೀರು 2018ರಿಂದ ಕೆರೆಗಳಿಗೆ ಬರುತ್ತಿದೆ, ಆದರೆ ನಮ್ಮ ಬೀದಿಯ ನಲ್ಲಿಗೆ ಬರುವುದು ಸಾವಿರ ಅಡಿ ದಾಟಿದ ಬೋರ್‌ವೆಲ್‌ನದ್ದೇ. ಬಕೆಟ್ಟಿನ ಒಳಗೋಡೆಗೆ ಬಿಳಿ ಪೊರೆ ಕಟ್ಟುತ್ತದೆ, ಬೇಳೆ ಬೇಯುವುದು ತಡ, ಗೀಸರ್ ಕಾಯಿಲ್ ಬಿಚ್ಚಿದರೆ ಸುಣ್ಣದ ಚಿಪ್ಪು. ಇಂಥದ್ದಕ್ಕೇ ಗಡಸು ನೀರು ಎನ್ನುವುದು, ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚು ಕರಗಿರುವ ನೀರು. ಇವು ಸೋಪಿನ ಕೊಬ್ಬಿನಾಮ್ಲದ ಜೊತೆ ಸೇರಿ ಕರಗದ ಒಂದು ಜಿಗುಟು ಆಗುತ್ತದೆ. ಬಚ್ಚಲ ಟೈಲ್ಸಿಗೆ ಕೂರುವ ಬೂದು ಪೊರೆ ಅದೇ. ಟೈಲ್ಸಿಗೆ ಕೂರುವುದು ಕೆನ್ನೆಗೂ ಕೂರುತ್ತದೆ. ಅದು ಹೋಗಲೆಂದು ಇನ್ನಷ್ಟು ಸೋಪು ಹಾಕುತ್ತೇವೆ. ಸೋಪಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, ಒಂಬತ್ತು ಹತ್ತರ ಹತ್ತಿರ. ಮುಖದ ಚರ್ಮ ಬಯಸುವುದು ಐದರ ಆಸುಪಾಸು. ಶೇಕಡ 76 ಟಿಎಫ್‌ಎಂ ಇರುವ ಮೊದಲ ದರ್ಜೆಯ ಸೋಪು ತಂದರೂ ಸಮಸ್ಯೆ ಹೋಗುವುದಿಲ್ಲ, ಯಾಕೆಂದರೆ ಟಿಎಫ್‌ಎಂ ಎಂದರೆ ಕೊಬ್ಬಿನ ಅಂಶ, ಗಡಸು ನೀರು ಹಿಡಿಯುವುದೂ ಅದನ್ನೇ. ಇದು ತಿಳಿಯದೆ ಸೋಪಿನ ಮೇಲೆ ಸೋಪು ಬದಲಿಸಿ ಎಷ್ಟು ದುಡ್ಡು ಕಳೆದೆ ಎಂದು ಈಗಲೂ ಸಂಕಟವಾಗುತ್ತದೆ.

ಆಗ ದುಬಾರಿ ಬಾಟಲಿಯ ಹಿಂಬದಿ ಓದಿದೆ. ನೀರು, ಸೀಟೈಲ್ ಆಲ್ಕೋಹಾಲ್, ಪ್ರೊಪಿಲೀನ್ ಗ್ಲೈಕಾಲ್, ಸ್ವಲ್ಪ ಸೋಡಿಯಂ ಲಾರಿಲ್ ಸಲ್ಫೇಟ್, ಸ್ಟಿಯರೈಲ್ ಆಲ್ಕೋಹಾಲ್, ಕೆಡದಂತೆ ಪ್ಯಾರಾಬೆನ್. ಆಲ್ಕೋಹಾಲ್ ಎಂಬ ಹೆಸರು ನೋಡಿ ಹೆದರಬೇಕಿಲ್ಲ. ಈ ಎರಡು ಸ್ಪಿರಿಟ್ಟಿನ ಹಾಗೆ ಉರಿಸುವ ಜಾತಿಯಲ್ಲ, ಮೇಣದ ಜಾತಿ, ಚರ್ಮ ಮೃದು ಮಾಡುವಂಥವು. ಇದರಲ್ಲಿ ಸೋಪೇ ಇಲ್ಲ, ಅದಕ್ಕೇ ಗಡಸು ನೀರಿನಲ್ಲೂ ಜಿಗುಟು ಕಟ್ಟುವುದಿಲ್ಲ. ಇಷ್ಟು ಸಾಮಾನ್ಯ ಸಾಮಗ್ರಿಗೆ 700 ಯಾಕೆ ಎಂದು ಅದೇ ಪಟ್ಟಿಯನ್ನು ಫೋನಿನಲ್ಲಿ ಫೋಟೊ ತೆಗೆದು ಮೆಡಿಕಲ್ ಶಾಪಿನವರಿಗೆ ತೋರಿಸಿದೆ. "ಇದೇ ಐಟಂ ಇಂಡಿಯನ್ ಕಂಪನೀದು ಇದೆಯಣ್ಣ, ಯಾರೂ ಕೇಳಲ್ಲ ಅಂತ ಮೇಲಿಟ್ಟಿದ್ದೀನಿ" ಎಂದು ಸ್ಟೂಲ್ ಹತ್ತಿ ಒಂದು ಕ್ಲೆನ್ಸಿಂಗ್ ಲೋಷನ್ ತೆಗೆದುಕೊಟ್ಟರು. 200 ಮಿಲಿ, 240 ರೂಪಾಯಿ. ಪಟ್ಟಿ ಪಕ್ಕಪಕ್ಕ ಇಟ್ಟು ಓದಿದೆವು. ಸುವಾಸನೆಯ ಹೆಸರೊಂದು ಬಿಟ್ಟರೆ ಹೆಚ್ಚುಕಡಿಮೆ ಒಂದೇ.

ಅಂದಿನಿಂದ ಹದಿನಾಲ್ಕು ತಿಂಗಳಾಯಿತು. ಈಗ ಆರನೇ ಬಾಟಲಿ.

ಮಂಡಿಯಿಂದ ಬಂದವನು ಮೊದಲು ಕೈ ತೊಳೆಯುತ್ತೇನೆ. ಒಣ ಮುಖಕ್ಕೇ, ನೀರು ಹಚ್ಚದೆ, ಎರಡು ಬೆರಳಿನಷ್ಟು ಲೋಷನ್. ಮೂಗಿನ ಪಕ್ಕದಿಂದ ಶುರು, ಹುಬ್ಬು, ಆಮೇಲೆ ಹಣೆ, ಗಡ್ಡ. ಬೆರಳ ತುದಿಯಲ್ಲಿ, ಉಗುರು ತಾಗದ ಹಾಗೆ, ಒಂದು ನಿಮಿಷ. ನೊರೆ ಬರುವುದಿಲ್ಲ, ಮಜ್ಜಿಗೆ ಸವರಿದ ಹಾಗಿರುತ್ತದೆ. ನೋಡನೋಡುತ್ತಾ ಬಿಳಿ ಲೋಷನ್ ಬೂದಿ ಬಣ್ಣಕ್ಕೆ ತಿರುಗುತ್ತದೆ. ಆ ಧೂಳು ಕೈಯಲ್ಲಿ ಕಂಡಾಗ ಆಗುವ ಹಗುರ ಹೇಳತೀರದು. ನನ್ನ ಹಳೇ ಪಂಚೆ ಹರಿದು ಮಾಡಿದ ಅಂಗೈ ಅಗಲದ ತುಂಡುಗಳಿವೆ, ತೊಳೆದೂ ತೊಳೆದೂ ಮಲ್ಲಿಗೆಯ ಹಾಗೆ ಮೆತ್ತಗಾಗಿವೆ. ಒಂದನ್ನು ಒದ್ದೆ ಮಾಡಿ ಒತ್ತಿ ಒರೆಸುತ್ತೇನೆ. ಕೊನೆಗೆ ಒಂದು ಚೊಂಬು ಕ್ಯಾನ್ ನೀರು.

ಈ ಕ್ಯಾನ್ ನೀರೇ ನಾನು ಕಂಡುಕೊಂಡ ದೊಡ್ಡ ಸುಖ. ನಮ್ಮ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಐದು ರೂಪಾಯಿ ಕಾಯಿನ್ ಹಾಕಿದರೆ ಗಡಸು ತೆಗೆದ ನೀರು 20 ಲೀಟರ್ ಬರುತ್ತದೆ. ಒಂದೂವರೆ ಲೀಟರಿನ ಚೊಂಬಿಗೆ ನಲವತ್ತು ಪೈಸೆಯೂ ಬೀಳುವುದಿಲ್ಲ. ಕುಡಿಯುವ ನೀರಲ್ಲಿ ಮುಖ ತೊಳೆಯುವುದಾ ಎಂದು ಹೆಂಡತಿ ಮೊದಲು ಸಿಟ್ಟು ಮಾಡಿಕೊಂಡಳು, ನೀರಿನ ಕಷ್ಟ ಕಂಡ ಊರಿನಲ್ಲಿ ಆ ಸಿಟ್ಟು ನ್ಯಾಯವೇ. ಬಳಸಿದ ನೀರನ್ನು ಬಟ್ಟಲಲ್ಲಿ ಹಿಡಿದು ಬಚ್ಚಲು ತೊಳೆಯಲು ಬಳಸುತ್ತೇನೆ ಎಂದ ಮೇಲೆ ಒಪ್ಪಿದಳು. ಈಗ ಮಗಳ ತಲೆಗೂ ಕೊನೆಯ ಚೊಂಬು ಅದೇ ನೀರು. ಮಳೆ ಬಂದ ದಿನ ಛಾವಣಿ ನೀರು ಹಿಡಿದರೆ ಅದೂ ಇಷ್ಟೇ ಮೆತ್ತಗೆ.

ಪರೀಕ್ಷೆಗೆಂದು ಒಂದು ವಾರ ಲೋಷನ್ ಬಿಟ್ಟು ಸೋಪು ಮತ್ತು ಕ್ಯಾನ್ ನೀರು ಮಾತ್ರ ಬಳಸಿದೆ. ಬೋರ್ ನೀರಿನಷ್ಟು ಬಿಗಿಯಲಿಲ್ಲ, ಆದರೆ ತೀರ್ಥಹಳ್ಳಿಯ ಹಾಗೂ ಆಗಲಿಲ್ಲ. ಮಲೆನಾಡಿನ ಗಾಳಿಯ ತೇವ ಇಲ್ಲಿ ಎಲ್ಲಿಂದ ಬರಬೇಕು? ಹಾಗಾಗಿ ನನಗೆ ಲೋಷನ್ನೂ ಬೇಕು, ನೀರೂ ಬೇಕು. ಖರ್ಚು ದಿನಕ್ಕೆ ಮೂರು ರೂಪಾಯಿ ನಲವತ್ತು ಪೈಸೆಗೆ ಇಳಿದಿದೆ.

ಕೊರತೆಯೂ ಇದೆ. ದುಬಾರಿ ಬಾಟಲಿಗೆ ಪಂಪ್ ಇತ್ತು, ಇದಕ್ಕೆ ಒತ್ತುವ ಮುಚ್ಚಳ. ಡಿಸೆಂಬರ್ ಚಳಿಗೆ ಲೋಷನ್ ದಪ್ಪವಾಗಿ, ತಲೆಕೆಳಗೆ ಮಾಡಿ ಕುಟ್ಟಿದರೂ ಬಾರದು. ತಳದಲ್ಲಿ ಹತ್ತು ದಿನದ್ದು ಉಳಿದಿರುತ್ತದೆ, ಬ್ಲೇಡಿನಲ್ಲಿ ಬಾಟಲಿ ಕೊಯ್ದು ಚಮಚದಲ್ಲಿ ತೆಗೆದು ಸಣ್ಣ ಡಬ್ಬಿಗೆ ಹಾಕಿಕೊಳ್ಳುತ್ತೇನೆ. ಗುಲಾಬಿಯಂಥ ವಾಸನೆ ನನಗೆ ಹಿಡಿಸದು, ವಾಸನೆಗೆ ಚರ್ಮ ಕೆರಳುವವರು ವಾಸನೆ ಇಲ್ಲದ್ದನ್ನೇ ಕೇಳಿ ತರಲಿ, ಅಂಥದ್ದೂ ಸಿಗುತ್ತದೆ. ದಪ್ಪ ಸನ್‌ಸ್ಕ್ರೀನ್ ಒಂದೇ ಸಲಕ್ಕೆ ಹೋಗುವುದಿಲ್ಲ, ನನ್ನ ಹೆಂಡತಿ ಎರಡು ಸಲ ಹಚ್ಚುತ್ತಾಳೆ. ಎಣ್ಣೆ ಮುಖದ ಹದಿಹರೆಯದವರಿಗೆ ಇದು ತೊಳೆದ ಹಾಗೇ ಅನಿಸದೆ ಇರಬಹುದು. ನಮ್ಮ ಮಂಡಿಯ ಹಮಾಲಿ ಹುಡುಗನೊಬ್ಬ ನಾಲ್ಕು ದಿನ ಬಳಸಿ ವಾಪಸ್ ಕೊಟ್ಟ.

ಇನ್ನೊಂದು ಮಾತು: ಹೊಟ್ಟು ಹೋದದ್ದು ಡಾಕ್ಟರ ಮುಲಾಮಿನಿಂದ. ಕ್ಲೆನ್ಸರ್ ಯಾವುದೇ ಆಗಲಿ, ಅದು ಮತ್ತೆ ಕೆರಳದ ಹಾಗೆ ನೋಡಿಕೊಳ್ಳುತ್ತದೆ ಅಷ್ಟೇ. ನೀರು ಒಸರುವ ಗಾಯ, ಉರಿ ಇದ್ದರೆ ಅಂಗಡಿಗೆ ಹೋಗುವ ಮೊದಲು ಡಾಕ್ಟರ ಹತ್ತಿರ ಹೋಗಿ. ಅವರ ಹತ್ತಿರ ಕಂಪನಿಯ ಹೆಸರಿನ ಬದಲು, "ಇದೇ ಸಾಮಗ್ರಿ ಇರುವ ಕಡಿಮೆ ಬೆಲೆಯದ್ದು ಬರೆಯುತ್ತೀರಾ" ಎಂದು ಬಾಯಿಬಿಟ್ಟು ಕೇಳಿ. ನಾನು ಹೋದ ತಿಂಗಳು ಕೇಳಿದೆ. ಡಾಕ್ಟರು ನನ್ನ ಕೊಯ್ದ ಬಾಟಲಿಯ ಲೇಬಲ್ ತಿರುಗಿಸಿ ಓದಿ, "ಇದನ್ನೇ ಮುಂದುವರಿಸಿ" ಎಂದು ಹಳೇ ಚೀಟಿಯ ಮೇಲಿನ ಹೆಸರಿಗೆ ಗೀಟು ಎಳೆದರು.