ಎಂಬಿಬಿಎಸ್ಸೋ, ಬಿಡಿಎಸ್ಸೋ? ಶಿರಸಿ, ಕಾರವಾರದ ಕಡೆಯ ಲೆಕ್ಕ

ಎಂಬಿಬಿಎಸ್‌ಗೂ, ಹಲ್ಲಿನ ಡಾಕ್ಟರಾಗುವ ಬಿಡಿಎಸ್‌ಗೂ ಪ್ರವೇಶ ಪರೀಕ್ಷೆ ನೀಟ್ ಒಂದೇ, ಸೀಟು ಹಂಚುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಕೌನ್ಸೆಲಿಂಗೂ ಒಂದೇ. ಹಾಗಾಗಿ ಬಹಳಷ್ಟು ಮಂದಿ ಆಪ್ಷನ್ ಪಟ್ಟಿಯ ತುದಿಗೆ 'ಇರಲಿ' ಎಂದು ಡೆಂಟಲ್ ತುಂಬಿಸಿಬಿಡುತ್ತಾರೆ. ಎಡವುವುದು ಅಲ್ಲೇ. ಬಿಡಿಎಸ್ ನಡುವೆ ಎಂಬಿಬಿಎಸ್‌ಗೆ ದಾಟುವ ದಾರಿಯಿಲ್ಲ. ಮತ್ತೆ ನೀಟ್ ಬರೆದು ಮೊದಲ ವರ್ಷದಿಂದ ಕೂರಬೇಕು.

ಇಂಟರ್ನ್‌ಶಿಪ್ ಸೇರಿ ಎಂಬಿಬಿಎಸ್ ಐದೂವರೆ ವರ್ಷ, ಬಿಡಿಎಸ್ 5. ಅಂತರ ಕಾಣುವುದು ಆಮೇಲೆ. ಬಿಡಿಎಸ್ ಮುಗಿಸಿದವರು ಹಲ್ಲು ಕೀಳುವುದು, ಸಿಮೆಂಟ್ ತುಂಬುವುದು, ರೂಟ್ ಕೆನಾಲ್, ಕ್ಯಾಪ್ ಎಲ್ಲವನ್ನೂ ಸ್ವಂತ ಕ್ಲಿನಿಕ್ಕಿನಲ್ಲೇ ಮಾಡಬಹುದು. ಬರೀ ಎಂಬಿಬಿಎಸ್ ಆದವರನ್ನು ಜನ 'ಯಾವುದರಲ್ಲಿ ಸ್ಪೆಷಲಿಸ್ಟು?' ಎಂದು ಕೇಳುತ್ತಾರೆ. ಎಂಡಿ, ಎಂಎಸ್‌ಗೆ ಇನ್ನೂ 3 ವರ್ಷ. ಸರ್ಕಾರಿ ಕೆಲಸ ಬೇಕೆನ್ನುವವರಿಗೆ ಮಾತ್ರ ಎಂಬಿಬಿಎಸ್ಸೇ ಸರಿ: ಪಿಎಚ್‌ಸಿಯಲ್ಲಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಕೂರುವುದು ಅವರೇ, ದಂತವೈದ್ಯರ ಹುದ್ದೆ ಕಡಿಮೆ. ಮೆಡಿಕಲ್ ಕಾಲೇಜು ಕಾರವಾರದಲ್ಲೇ ಇದೆ. ಡೆಂಟಲ್‌ಗೆ ಧಾರವಾಡ, ಮಂಗಳೂರಿನ ಕಡೆ ಹೊರಡಬೇಕು.

ಕ್ಲಿನಿಕ್ ಹಾಕುವ ಖರ್ಚು ಇದಕ್ಕೆ ತಿರುಗುಮುರುಗು. ಎಂಬಿಬಿಎಸ್ ಡಾಕ್ಟರು ಮೇಜು, ಮಂಚ, ಬಿಪಿ ಯಂತ್ರ ಇಟ್ಟು ಶುರುಮಾಡಬಹುದು. ದಂತವೈದ್ಯರಿಗೆ ಡೆಂಟಲ್ ಚೇರ್, ಡ್ರಿಲ್ ತಿರುಗಿಸಲು ಗಾಳಿ ಒತ್ತುವ ಕಂಪ್ರೆಸರ್, ಉಪಕರಣಗಳ ಸೋಂಕು ಕಳೆಯುವ ಆಟೋಕ್ಲೇವ್, ಎಕ್ಸ್-ರೇ ಮೊದಲೇ ಬೇಕು. ಕರಾವಳಿಯ ತೇವಕ್ಕೆ ಕಂಪ್ರೆಸರ್ ಟ್ಯಾಂಕಿನಲ್ಲಿ ನೀರು ನಿಲ್ಲುತ್ತದೆ. ದಿನಾ ಸಂಜೆ ಅಡಿಯ ವಾಲ್ವ್ ತೆಗೆದು ಬಸಿಯದಿದ್ದರೆ ಅದೇ ನೀರು ಗಾಳಿಯ ಜೊತೆ ಹ್ಯಾಂಡ್‌ಪೀಸಿಗೆ (ಕೈಯಲ್ಲಿ ಹಿಡಿಯುವ ಡ್ರಿಲ್) ಹೋಗಿ, ನಿಮಿಷಕ್ಕೆ 3 ಲಕ್ಷ ಸುತ್ತು ಹೊಡೆಯುವ ಬೇರಿಂಗ್ ಹಾಳಾಗುತ್ತದೆ. ಮಳೆಗಾಲದಲ್ಲಿ ಕರೆಂಟು ಹೋದರೆ ಹಲ್ಲು ಅರ್ಧ ಕೊರೆದಲ್ಲಿಗೇ ನಿಂತಿತು. ಮನೆಯ ಇನ್ವರ್ಟರ್ ಕಂಪ್ರೆಸರನ್ನು ಎಳೆಯುವುದಿಲ್ಲ.

ಘಟ್ಟದ ಮೇಲೆ ಕವಳ (ಎಲೆ-ಅಡಿಕೆ), ಗುಟ್ಕಾ ಜಗಿದವರು ಬರುತ್ತಾರೆ. ವರ್ಷಗಟ್ಟಲೆ ಅಡಿಕೆ ಜಗಿದರೆ ಕೆನ್ನೆಯ ಒಳಪದರ ಬಿಗಿದು ಬಾಯಿ ಎರಡು ಬೆರಳಷ್ಟೂ ತೆರೆಯದ ಸ್ಥಿತಿ ಬರಬಹುದು. ಹಿಂದಿನ ದವಡೆ ಹಲ್ಲಿಗೆ ಡ್ರಿಲ್ ತಲುಪದು. ಬಾಯಿ ಕ್ಯಾನ್ಸರಿನ ಮೊದಲ ಗುರುತು ಹಿಡಿಯುವ ಅವಕಾಶವೂ ಹಲ್ಲಿನ ಡಾಕ್ಟರಿಗೇ. (ಅಡಿಕೆ ತೋಟದವರ ಮುಂದೆ ಇದನ್ನು ಹೇಳುವುದೇ ಒಂದು ಕಲೆ.)

ಎಂಬಿಬಿಎಸ್‌ನವರ ಪಾಲಿಗೆ ಹಾವು ಕಡಿತ, ಸಿದ್ದಾಪುರದ ಕಡೆ ಮಂಗನ ಕಾಯಿಲೆ, ರಾತ್ರಿ 2 ಗಂಟೆಯ ಎದೆನೋವು. ರೋಗಿಯನ್ನು ಕಳಿಸುವುದು ಹುಬ್ಬಳ್ಳಿಗೋ ಮಣಿಪಾಲಕ್ಕೋ ಎಂದು ನಿಂತ ಕಾಲಲ್ಲೇ ತೀರ್ಮಾನಿಸಬೇಕು. ದಂತವೈದ್ಯರಿಗೆ ರಾತ್ರಿ ನಿದ್ದೆಯುಂಟು. ಸವೆಯುವುದು ಕುತ್ತಿಗೆ, ಸೊಂಟ.

ಬಿಡಿಎಸ್ ಶುರುವಿನಲ್ಲೇ ಮೇಣದಲ್ಲಿ ಹಲ್ಲು ಕೆತ್ತಿಸುತ್ತಾರೆ. ಆಪ್ಷನ್ ತುಂಬುವ ಮೊದಲು ಒಂದು ಸೋಪು, ಸಣ್ಣ ಚಾಕು ಹಿಡಿದು ದವಡೆ ಹಲ್ಲು ಕೆತ್ತಿ ನೋಡಿ. ಎರಡು ತಾಸು ಕೂರಲಾಗದಿದ್ದರೆ ಪಟ್ಟಿಯಿಂದ ಡೆಂಟಲ್ ತೆಗೆಯಿರಿ.