ಸೇಂಟ್ ಆ್ಯಂಗರ್: ಡಬ್ಬದ ಸದ್ದಿಗಿಂತ ಕತ್ತರಿಯದೇ ದೊಡ್ಡ ತಪ್ಪು

ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾದ ಈ ಆಲ್ಬಮ್ ಬಂದದ್ದು 2003ರ ಜೂನ್‌ನಲ್ಲಿ. ಕಾರವಾರವಿರಲಿ, ಶಿರಸಿಯಿರಲಿ, ಮೆಟಲ್ ಕೇಳುವ ನಾಲ್ಕು ಜನ ಸೇರಿದರೆ ಇದರ ಜಗಳ ಇನ್ನೂ ಹೊಸದೇ. ಶುರುವಾಗುವುದು ಡ್ರಮ್ಮಿನಿಂದ: "ಇದೆಂಥದಾ ಮಾರಾಯಾ, ಡಬ್ಬ ಬಡ್ದಾಂಗೆ ಕೇಳ್ತು." ದೂರು ಸುಳ್ಳಲ್ಲ. ಆದರೆ ಆಲ್ಬಮ್ಮನ್ನು ಹೆಚ್ಚು ಕೆಡಿಸಿದ್ದು ಅದರ ಉದ್ದ.

ಡಬ್ಬದ ವಿಷಯ ಮೊದಲು ನೋಡೋಣ. ಸ್ನೇರ್ ಡ್ರಮ್ಮಿನ ಕೆಳಹಾಳೆಗೆ ತಾಗಿಕೊಂಡು ಸುರುಳಿ ತಂತಿಗಳ ಸಾಲೊಂದು ಇರುತ್ತದೆ. ಹೊಡೆದಾಗ 'ಛಟ್' ಎನ್ನುವುದು ಆ ತಂತಿಗಳಿಂದ. ಪಕ್ಕದ ಸಣ್ಣ ಲಿವರ್ ಇಳಿಸಿದರೆ ತಂತಿ ಹಾಳೆಯಿಂದ ಬಿಟ್ಟುಕೊಳ್ಳುತ್ತದೆ, ಬರೀ 'ಟಣ್' ಉಳಿಯುತ್ತದೆ. ಡ್ರಮ್ಮರ್ ಲಾರ್ಸ್ ಉಲ್ರಿಚ್ ಅದನ್ನು ಇಳಿಸಿದ್ದು ಮರೆತೇ ಬಾರಿಸಿದರು, ಸದ್ದು ಇಷ್ಟವಾಯಿತು, ಹಾಗೇ ಇಟ್ಟರು. 2020ರಲ್ಲೂ ತಾವು ಮಾಡಿದ್ದೇ ಸರಿ ಎಂದರು.

ಯಕ್ಷಗಾನದ ಆಟ ನೋಡಿ ಬೆಳೆದ ನಮ್ಮ ಕಡೆಯ ಕಿವಿಗೆ 'ಟಣ್' ಎನ್ನುವುದೇ ತೊಂದರೆಯಲ್ಲ. ಬಡಗುತಿಟ್ಟಿನ ಚಂಡೆ ರಾತ್ರಿಯಿಡೀ ಮೊಳಗಿದರೂ ಯಾರೂ ಎದ್ದು ಹೋಗುವುದಿಲ್ಲ, ಏಕೆಂದರೆ ಅದನ್ನು ಭಾಗವತರ ಶ್ರುತಿಗೆ ಬಿಗಿದಿರುತ್ತಾರೆ. ಈ ಸ್ನೇರ್ ಹಿಡಿದದ್ದು ತನ್ನದೇ ಸ್ವರ, ಗಿಟಾರಿನದು ಬೇರೆ. ಒಂದೇ ಹಾಡಿನಲ್ಲಿ ಎಂಟು ನಿಮಿಷ ಹಾಗೆ ಕೇಳಿದರೆ ತಲೆ ಸಿಡಿಯುವುದು ಸಹಜ.

ಫೋನಿನ ಸ್ಪೀಕರಿನಲ್ಲಂತೂ ಕೇಳಲೇಬೇಡಿ. ಅದರಲ್ಲಿ ಕೆಳಗಿನ ಸ್ವರ ಬರುವುದಿಲ್ಲ. ಕಿಕ್ ಡ್ರಮ್, ಬೇಸ್ ಎರಡೂ ಮಾಯವಾಗಿ ಟಣ್ ಒಂದೇ ಮುಂದೆ ಬಂದು ನಿಲ್ಲುತ್ತದೆ. ಕಾರಿನಲ್ಲೋ ದೊಡ್ಡ ಹೆಡ್‌ಫೋನಿನಲ್ಲೋ ಇದೇ ಹಾಡು ಅರ್ಧದಷ್ಟೂ ಚುಚ್ಚುವುದಿಲ್ಲ. ಈಕ್ವಲೈಸರ್ (ಸದ್ದಿನ ಒಂದೊಂದು ಭಾಗವನ್ನೂ ಬೇರೆಯಾಗಿ ಏರಿಸಿ ಇಳಿಸುವ ಸೌಲಭ್ಯ) ಇದ್ದರೆ ಒಂದು ಸಣ್ಣ ಭಾಗವನ್ನು ಎತ್ತಿ ನಿಧಾನ ಸರಿಸುತ್ತ ಹೋಗಿ. ಟಣ್ ಎಲ್ಲಿ ಅತಿ ಜೋರಾಗುತ್ತದೋ ಅಲ್ಲಿ ಅದನ್ನು 4ರಿಂದ 6 ಡೆಸಿಬೆಲ್ ಇಳಿಸಿ. ಇನ್ನೂ ಇಳಿಸಿದರೆ ಗಾಯಕ ಜೇಮ್ಸ್ ಹೆಟ್‌ಫೀಲ್ಡ್ ದನಿಯೂ ಗಿಟಾರೂ ಟೊಳ್ಳಾಗುತ್ತವೆ, ಅವೂ ಅದೇ ಜಾಗದಲ್ಲಿ ಕೂತಿವೆ. ಕುಮಟಾದಿಂದ ದೇವಿಮನೆ ಘಟ್ಟ ಹತ್ತುವವರು ಹೊರಡುವ ಮೊದಲೇ ಹೈ ಕ್ವಾಲಿಟಿಯಲ್ಲಿ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ನೆಟ್‌ವರ್ಕ್ ಕುಸಿದಾಗ ಆ್ಯಪ್ ತಾನಾಗಿ ಗುಣಮಟ್ಟ ಇಳಿಸಿದರೆ ಸಿಂಬಲ್ಲುಗಳೆಲ್ಲ ನೀರಲ್ಲಿ ಅದ್ದಿದಂತೆ ಕಲಸಿಹೋಗುತ್ತವೆ.

ಇನ್ನು ಉದ್ದ. 11 ಹಾಡು, 75 ನಿಮಿಷ. ಬೇಸಿಸ್ಟ್ ಜೇಸನ್ ನ್ಯೂಸ್ಟೆಡ್ 2001ರ ಜನವರಿಯಲ್ಲೇ ಬಿಟ್ಟುಹೋಗಿದ್ದರು. ಅದೇ ವರ್ಷ ಜುಲೈನಲ್ಲಿ ಹೆಟ್‌ಫೀಲ್ಡ್ ಕುಡಿತ ಬಿಡಿಸುವ ಚಿಕಿತ್ಸೆಗೆ ಸೇರಿದರು. ತಿರುಗಿ ಬಂದ ಮೇಲೆ ಮಧ್ಯಾಹ್ನ 12ರಿಂದ 4ರವರೆಗೆ ಮಾತ್ರ ಕೆಲಸ. ಕೂತು ಬಾರಿಸಿದ್ದನ್ನೆಲ್ಲ ರೆಕಾರ್ಡ್ ಮಾಡಿ, ಕಂಪ್ಯೂಟರಿನಲ್ಲಿ ಪ್ರೊ ಟೂಲ್ಸ್ ಹಾಕಿ ಕತ್ತರಿಸಿ ಅಂಟಿಸಿದರು. ಅಂಟಿಸುವುದು ಸುಲಭವಾದಾಗ ಬಿಸಾಡುವುದು ಕಷ್ಟ. 3, 5, 11ನೇ ಟ್ರ್ಯಾಕ್ ಎಂಟು ನಿಮಿಷ ದಾಟುತ್ತವೆ. ಒಂದೇ ರಿಫ್ (ಗಿಟಾರಿನ ಸಣ್ಣ ತುಣುಕು) ಹೊಸದೇನನ್ನೂ ಹೇಳದೆ ಮತ್ತೆ ಮತ್ತೆ ಬರುತ್ತದೆ. ಹಳೆಯ ಆಲ್ಬಮ್ಮುಗಳಲ್ಲಾದರೆ ಅಲ್ಲಿ ಗಿಟಾರಿಸ್ಟ್ ಕರ್ಕ್ ಹ್ಯಾಮೆಟ್ ಅವರ ಸೋಲೋ (ಒಂಟಿ ಗಿಟಾರಿನ ವಾದನ) ಬಂದು ದಾರಿ ತಿರುಗಿಸುತ್ತಿತ್ತು. ಇಡೀ ಆಲ್ಬಮ್ಮಿನಲ್ಲಿ ಸೋಲೋ ಒಂದೂ ಇಲ್ಲ. ತೆಗೆದದ್ದು ತಪ್ಪಲ್ಲ, ತೆಗೆದ ಜಾಗ ಖಾಲಿ ಬಿಟ್ಟದ್ದು ತಪ್ಪು.

ಹಾಡುಗಳೇ ಕೆಟ್ಟವು ಎನ್ನುವವರಿಗೆ ಎರಡು ಉತ್ತರ. 11ನೇ ಹಾಡನ್ನು ಬ್ಯಾಂಡೇ ಮುಂದೆ ಅಕೂಸ್ಟಿಕ್ ಆಗಿ ನುಡಿಸಿತು, ತಮ್ಮ ದತ್ತಿ ಸಂಸ್ಥೆಗೂ ಅದರ ಹೆಸರನ್ನೇ ಇಟ್ಟುಕೊಂಡಿತು. ಅಬ್ಬರ ಕಳಚಿದರೆ ಒಳ್ಳೆಯ ರಾಗವೇ ಅದು. 2015ರಲ್ಲಿ ಅಭಿಮಾನಿಗಳು ಮೂವರು ಸೇರಿ ಇಡೀ ಆಲ್ಬಮ್ಮನ್ನು ಹೊಸದಾಗಿ ನುಡಿಸಿ ರೆಕಾರ್ಡ್ ಮಾಡಿದರು. ಸ್ನೇರ್ ಬದಲಾದ ಕೂಡಲೇ ಬೈದವರಲ್ಲೂ ಎಷ್ಟೋ ಜನ ತಣ್ಣಗಾದರು.

ಗಿಟಾರ್ ಹಿಡಿಯುವವರಿಗೆ ಒಂದು ಮಾತು. ಇಲ್ಲಿ ಹೆಚ್ಚಿನ ಹಾಡು ಡ್ರಾಪ್ ಸಿ ಶ್ರುತಿಯಲ್ಲಿವೆ: ಐದು ತಂತಿಯನ್ನು ಎರಡೆರಡು ಫ್ರೆಟ್‌ನಷ್ಟು, ದಪ್ಪ ತಂತಿಯನ್ನು ನಾಲ್ಕು ಫ್ರೆಟ್‌ನಷ್ಟು ಇಳಿಸಬೇಕು. 9-42ರ ತೆಳು ತಂತಿಯ ಸೆಟ್ ಇಟ್ಟುಕೊಂಡೇ ಇಳಿಸಿದರೆ ತಂತಿ ಜೋತುಬಿದ್ದು ಫ್ರೆಟ್ಟಿಗೆ ಬಡಿದು ಗಿರಗುಡುತ್ತದೆ. 11-54 ಅಥವಾ ಅದಕ್ಕಿಂತ ದಪ್ಪದ ಸೆಟ್ ಹಾಕಿ, ನೆಕ್ ಬಾಗು ನೋಡಿ ಟ್ರಸ್ ರಾಡ್ (ನೆಕ್ ಒಳಗಿನ ಕಂಬಿ) ಕಾಲು ಸುತ್ತಿಗಿಂತ ಹೆಚ್ಚು ಒಮ್ಮೆಲೇ ತಿರುಗಿಸದೆ ಸರಿಮಾಡಿ, ಕೊನೆಗೆ ಇಂಟೊನೇಶನ್, ಅಂದರೆ ಎಲ್ಲ ಫ್ರೆಟ್ಟಿನಲ್ಲೂ ಸ್ವರ ಸರಿ ಬರುವಂತೆ ಹೊಂದಿಸುವುದು. ಕಾರವಾರ, ಅಂಕೋಲಾ ಕಡೆಯ ಉಪ್ಪುಗಾಳಿಗೆ ತಂತಿ ಬೇಗ ತುಕ್ಕು ಹಿಡಿಯುತ್ತದೆ. ನುಡಿಸಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿಡಿ. ಕೋಟಿಂಗ್ ಇರುವ ತಂತಿಗೆ ಕೊಟ್ಟ ಹೆಚ್ಚಿನ ದುಡ್ಡು ಇಲ್ಲಿ ದಂಡವಲ್ಲ.

ಕೊಳ್ಳುವುದಾದರೆ ಡಿವಿಡಿ ಇರುವ ಪ್ರತಿಯನ್ನೇ ಕೊಳ್ಳಿ. ಸಿಡಿಯಲ್ಲಿ ಬೇಸ್ ನುಡಿಸಿದ್ದು ನಿರ್ಮಾಪಕ ಬಾಬ್ ರಾಕ್. ಡಿವಿಡಿಯಲ್ಲಿ ಹೊಸದಾಗಿ ಸೇರಿದ ಬೇಸಿಸ್ಟ್ ರಾಬ್ ಟ್ರುಹಿಯೋ ಜೊತೆ 11 ಹಾಡನ್ನೂ ತಾಲೀಮಿನಲ್ಲಿ ನುಡಿಸಿದ್ದಾರೆ. ಕತ್ತರಿ ಬೀಳದ ಆ ರೂಪದಲ್ಲಿ ಹಾಡಿಗೆ ಉಸಿರಿದೆ. ಸೆಕೆಂಡ್ ಹ್ಯಾಂಡ್ ಪ್ರತಿಯಾದರೆ ಬೆಳಕಿಗೆ ಹಿಡಿದು ಬೂಷ್ಟು ಇದೆಯೇ ನೋಡಿ. ಒರೆಸುವಾಗ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು, ಸುತ್ತ ತಿಕ್ಕಬಾರದು. ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿದ ಡಬ್ಬಿಯಲ್ಲಿಡಿ.

ಮೊದಲ ಸಲ ಕೇಳುವವರು 1, 2, 4, 8, 9 ಇಷ್ಟನ್ನೇ ಒಂದು ಪಟ್ಟಿ ಮಾಡಿಕೊಂಡು ಕೇಳಿ. ಸುಮಾರು ಅರ್ಧ ಗಂಟೆಯ ಗಟ್ಟಿ ಆಲ್ಬಮ್ ಸಿಗುತ್ತದೆ. ಅದೂ ಹಿಡಿಸದೆ ಸೋಲೋ ಬೇಕೇಬೇಕು ಎನಿಸಿದರೆ 2008ರ ಡೆತ್ ಮ್ಯಾಗ್ನೆಟಿಕ್‌ಗೆ ಹೋಗಿ. ಅಲ್ಲಿ ಸೋಲೋಗೆ ಬರವಿಲ್ಲ, ಆದರೆ ಸಿಡಿಯ ಸದ್ದನ್ನು ಒಡೆಯುವಷ್ಟು ಏರಿಸಿಟ್ಟಿದ್ದಾರೆ. ಗಿಟಾರ್ ಹೀರೋ ಎಂಬ ವಿಡಿಯೊ ಗೇಮಿನಲ್ಲಿ ಬಂದ ಅದೇ ಹಾಡುಗಳು ಸಿಡಿಗಿಂತ ಸ್ಪಷ್ಟ.